ಔರಾದಕ್ಕೆ ಹೋದವಳ ಕೋಣೆ

ಭಾಲ್ಕಿ,
ದಿನಾಂಕ 3ನೇ ಫೆಬ್ರವರಿ 2025, ಸೋಮವಾರ

ಪ್ರೀತಿಯ ಮಗಳು ಮುಸರ್ರತಳಿಗೆ ನಿನ್ನ ಅಬ್ಬಾ ಜಹೀರೋದ್ದೀನನು ಮಾಡುವ ದುವಾ.

ಮೊದಲನೆಯದಾಗಿ ನಿನ್ನ ಆರೋಗ್ಯದ ವಿಚಾರ. ಮಿರಜದಲ್ಲಿ ಚಳಿ ಇಳಿಯಿತೇ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರ ಹಿಮ್ಮಡಿ ಒಡೆಯುತ್ತದೆಂದು ನೆರೆಮನೆಯ ಹೆಲೆನ ಸಿಸ್ಟರ್ ಹೇಳುತ್ತಾರೆ. ಮಲಗುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿಕೊಳ್ಳತಕ್ಕದ್ದು. ನನ್ನ ಆರೋಗ್ಯ ಯಥಾಸ್ಥಿತಿಯಲ್ಲಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಚಹಾ ನಾನೇ ಮಾಡಿಕೊಳ್ಳುತ್ತೇನೆ. ನಿನ್ನ ಅಮ್ಮಿ ಸಕ್ಕರೆ ಎಷ್ಟು ಹಾಕುತ್ತಿದ್ದಳೆಂಬುದನ್ನು ಕೇಳಿ ಇಟ್ಟುಕೊಳ್ಳಲಿಲ್ಲ. ಐವತ್ತು ದಿನಗಳಿಂದ ಒಮ್ಮೆಯೂ ಸರಿಯಾಗಿಲ್ಲ.

ಈ ಪತ್ರ ಅರ್ಜಿಯಂತೆ ಕಂಡರೆ ಮನ್ನಿಸತಕ್ಕದ್ದು. ನಾನು ಓದಿದ್ದು ಉರ್ದು. ಕನ್ನಡ ಕಲಿತದ್ದು ತಹಸೀಲು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ, ಉಸ್ತಾದ ಶರಫೋದ್ದೀನರು ಬರೆದ ಅರ್ಜಿಗಳನ್ನು ನಕಲು ಮಾಡುತ್ತ. 'ಜಹೀರ, ಒಂದ ಅಕ್ಷರ ತಪ್ಪಿದ್ರ ಒಬ್ಬಾಂವನ ಹೊಲಾನೇ ತಪ್ತದೋ' ಎಂದು ಅವರು ಹೇಳುತ್ತಿದ್ದರು. ನಲವತ್ತೆರಡು ವರ್ಷ ನಾನು ಯಾರ ಹೊಲವನ್ನೂ ತಪ್ಪಿಸಲಿಲ್ಲ. ಆದರೆ ಆ ಅರ್ಜಿಗಳಲ್ಲಿ ಇಲ್ಲದ ಕನ್ನಡ ನನಗೆ ಬರುವುದಿಲ್ಲ. ನಿನಗೆ ಉರ್ದು ಓದಲು ಬರುವುದಿಲ್ಲ. ಆದ್ದರಿಂದ ಇರುವ ಭಾಷೆಯಲ್ಲಿಯೇ ನಡೆದ ಸಂಗತಿಯನ್ನು ನಿವೇದಿಸಿಕೊಳ್ಳುತ್ತಿದ್ದೇನೆ.

ಅಮ್ಮಿಯ ನಲವತ್ತನೆಯ ದಿನದ ಫಾತೆಹಾ ಜನವರಿ 20ರಂದು ಆಯಿತು. ಔರಾದದಿಂದ ನಿನ್ನ ಖಾಲಾ ತರನ್ನುಮ ಬಂದು, ಅಕ್ಕನ ಬಟ್ಟೆಗಳನ್ನು ಬಡವರಿಗೆ ಹಂಚಲು ಮಡಚುತ್ತಿದ್ದಾಗ ಹೊಲಿಗೆ ಯಂತ್ರದ ಸೆಳೆಖಾನೆಯಲ್ಲಿ ಒಂದು ಕಾಗದ ಸಿಕ್ಕಿತು. ಬೀದರಿನ ಹೊಸ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಫೆಬ್ರವರಿ 8 ಮತ್ತು 9ಕ್ಕೆ ಕೋಣೆ ಕಾಯ್ದಿರಿಸಿದ ಚೀಟಿ ಅದು. ಹೆಸರುಗಳು ಎರಡು: ಹಮೀದುನ್ನಿಸಾ, ಮುಸರ್ರತ. ನಾನು ಅದನ್ನು ಮೂರು ಸಲ ಓದಿದೆ. ಆಮೇಲೆ ತರನ್ನುಮಳನ್ನು ಕೇಳಿದೆ: ಪ್ರತಿ ಫೆಬ್ರವರಿಯಲ್ಲಿ ನಿನ್ನ ಅಕ್ಕ ನಿನ್ನ ಮನೆಗೆ ಬರುತ್ತಿದ್ದಳಲ್ಲ, ಈ ಹೋಟೆಲು ಯಾತಕ್ಕೆ? ನಾನೇ ಅವಳನ್ನು ಬೀದರ ಬಸ್ಸಿನಲ್ಲಿ ಕೂರಿಸಿ, ಅಲ್ಲಿಂದ ಔರಾದ ಬಸ್ಸು ಹಿಡಿ ಎಂದು ಹೇಳಿ, ಪೇರಲ ಹಣ್ಣಿನ ಚೀಲ ಕೈಗೆ ಕೊಟ್ಟು ಕಳಿಸುತ್ತಿದ್ದೆ. ತರನ್ನುಮ ಮಡಚುವುದನ್ನು ನಿಲ್ಲಿಸಿದಳು. 'ದುಲಾಭಾಯಿ, ಆಪಾ ನಮ್ಮ ಮನಿ ಮೆಟ್ಟಲಾ ಹತ್ತಿ ಒಂಬತ್ತ ವರ್ಷ ಆತ್ರಿ. ಆಕಿ ಸುಳ್ಳ ಹೇಳಾಕಿ ಅಲ್ಲ. ಔಲಾದ ಕಡಿ ಹೋಗ್ತೇನಿ ಅಂದಿದ್ದಾಳು. ನೀವು ಔರಾದ ಅಂತ ಬರ್ಕೊಂಡೀರಿ.'

ಔಲಾದ. ಹೆತ್ತ ಕೂಸು. ನಿನ್ನ ಅಮ್ಮಿಯ ಮಾತು ನಿನಗೆ ಗೊತ್ತೇ ಇದೆ; ಹುಟ್ಟಿದ್ದು ಹಲಬರ್ಗಾ, ಅರ್ಧ ನಮ್ಮ ಭಾಷೆ, ಅರ್ಧ ಹೊಲದ ಕನ್ನಡ, ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಬುರ್ಖಾದ ಗುಂಡಿ ಹಾಕುತ್ತ, ಬಾಗಿಲಲ್ಲಿ ನಿಂತು, ನನ್ನ ಮುಖವನ್ನೇ ನೋಡುತ್ತ ಅವಳು ಆ ಮಾತು ಹೇಳುತ್ತಿದ್ದಳು. ಹೇಳಿದ ಮೇಲೆ ಒಂದು ಕ್ಷಣ ನಿಲ್ಲುತ್ತಿದ್ದಳು. ಆ ನಿಲುವು ಏಕೆಂದು ನಾನು ಕೇಳಲಿಲ್ಲ. ಒಂಬತ್ತು ಸಲ ಸತ್ಯ ಹೇಳಿದಳು. ಒಂಬತ್ತು ಸಲವೂ ನಾನು 'ಆತು, ಹುಷಾರ' ಎಂದೆ. ಒಂದಕ್ಷರ ತಪ್ಪದ ನಕಲುಗಾರ ಎಂದು ಇಡೀ ಭಾಲ್ಕಿಯಲ್ಲಿ ಹೆಸರು ಮಾಡಿದವನು ತನ್ನ ಮನೆಯ ಬಾಗಿಲಲ್ಲಿ 'ಲಾ' ಇದ್ದಲ್ಲಿ 'ರಾ' ಕೇಳಿದೆ.

ನಿಜವನ್ನು ಮರೆಮಾಚುವುದಿಲ್ಲ. ಆ ದಿನ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ನನ್ನ ಬೆನ್ನ ಹಿಂದೆ ಒಂದು ಕೋಣೆ ಇತ್ತು, ಅದರಲ್ಲಿ ನನ್ನ ಹೆಂಡತಿಯೂ ಮಗಳೂ ನಗುತ್ತಿದ್ದರು ಎಂಬುದನ್ನು ಸಹಿಸಲಾಗಲಿಲ್ಲ. ಆ ಕೋಣೆಯನ್ನು ರದ್ದು ಮಾಡಿಸಿ, ಅವಳು ಹೊಲಿದು ಗಳಿಸಿದ ಹಣವನ್ನು ಹಿಂಪಡೆದು, ಅದು ಇರಲೇ ಇಲ್ಲವೆಂದು ಮಾಡಬೇಕೆಂದು ಹಟ ಹಿಡಿದೆ. ಕೋಣೆ ಕಾಯ್ದಿರಿಸಿಕೊಟ್ಟವನು ಅಮ್ಮಿಯ ಅಣ್ಣನ ಮಗ ಆತೀಫ, ಇಲ್ಲಿ ಭಾಲ್ಕಿಯ ಬಸ್ ನಿಲ್ದಾಣದ ಮುಂದೆ ಕಂಪ್ಯೂಟರ್ ಅಂಗಡಿ ಇಟ್ಟವನು. ಅವನು ಕಾಗದ ನೋಡಿ ತಲೆ ತಗ್ಗಿಸಿದ. 'ಫುಫಾ, ಇದು ನಾನ್-ರಿಫಂಡೇಬಲ್ ಅದರಿ. ಹೋಗದಿದ್ರೂ ರೊಕ್ಕ ಹೊಳ್ಳಿ ಬರಂಗಿಲ್ಲ, ಅದಕ್ಕ ಅಗ್ಗ. ನಾ ಫುಫೂಗ ಆಗೇ ಹೇಳೀನಿ. ಹೋಗದೇ ಇರ್ತೇನೇನೋ ಹುಚ್ಚಾ, ಸತ್ರ ಅಷ್ಟೇ, ಅಂದ್ರು.'

ಮೂರು ಪುಟದ ಅರ್ಜಿ ಬರೆದೆ. ನನ್ನ ಆಯುಷ್ಯದ ಅತ್ಯುತ್ತಮ ಅರ್ಜಿ ಅದು. ವಿಷಯ, ಉಲ್ಲೇಖ, ಲಗತ್ತು, ಮರಣ ಪ್ರಮಾಣಪತ್ರದ ದೃಢೀಕೃತ ನಕಲು. 'ಸದರಿ ಹಮೀದುನ್ನಿಸಾ ಇವರು ಮೃತರಾಗಿರುವ ಪ್ರಯುಕ್ತ ಹಾಜರಾಗಲು ಅಸಾಧ್ಯವಾಗಿರುತ್ತದೆ' ಎಂಬ ಸಾಲನ್ನು ಬೇರೆಯವರಿಗಾಗಿ ನೂರಾರು ಸಲ ಬರೆದ ಕೈ, ಅಲ್ಲಿಗೆ ಬಂದು ನಿಂತಿತು. ಬೀದರಿಗೆ ಹೋಗಿ ಹೋಟೆಲಿನ ಮೇಜಿನ ಮೇಲೆ ಇಟ್ಟೆ. ಅಲ್ಲಿ ಕೂತಿದ್ದ ನಜಮೋದ್ದೀನ ಎಂಬುವವನು, 'ಚಾಚಾ, ಇದು ಹೋಟೆಲ್ರಿ, ಕಚೇರಿ ಅಲ್ಲ' ಎಂದು ನಕ್ಕ. ಆಮೇಲೆ ಹೆಸರು ಓದಿ ಎದ್ದು ನಿಂತ. 'ಪೇರಲಹಣ್ಣಿನ ಆಪಾ ಹೋದ್ರಾ?' ಎಂದು ಕೇಳಿದ. ನಾನು ಆರಿಸಿ ಕೊಟ್ಟ ಹಣ್ಣುಗಳಲ್ಲಿ ಒಂದು ಪ್ರತಿ ವರ್ಷ ಅವನಿಗೂ ಸಲ್ಲುತ್ತಿತ್ತಂತೆ. 'ನಮ್ಮನಿಯವ್ರ ಬರವಣಿಗಿ ನೀ ನೋಡ್ಬೇಕೋ, ಮುತ್ತ ಪೋಣಿಸಿಧಂಗ, ಅಂತಿದ್ರು. ಈಗ ನೋಡ್ದೆ ನೋಡ್ರಿ' ಎಂದ. ಅರ್ಜಿಯನ್ನು ಮಾಲೀಕರಿಗೆ ತಲುಪಿಸುವೆನೆಂದ.

ಮೊನ್ನೆ ಶನಿವಾರ ಉತ್ತರಕ್ಕಾಗಿ ಮತ್ತೆ ಹೋದೆ. ಮಾಲೀಕರು ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರಂತೆ. ನನ್ನ ಅರ್ಜಿಯ ಬೆನ್ನ ಮೇಲೆ ಕೆಂಪು ಶಾಯಿಯಲ್ಲಿ ಎರಡೇ ಮಾತು ಬರೆದು ಹಿಂದಿರುಗಿಸಿದ್ದರು: ಪರಿಶೀಲಿಸಲಾಗಿದೆ. ತಿರಸ್ಕರಿಸಲಾಗಿದೆ.

ಮಗಳೇ, ನಾನು ಅಲ್ಲಿಯೇ ಕುಳಿತುಬಿಟ್ಟೆ. ನಿನಗೆ ನೆನಪಿರುತ್ತದೆ ಎಂಬುದು ನನಗೆ ಗೊತ್ತು. 2013ರ ಜೂನ್. ಹತ್ತೊಂಬತ್ತು ವರ್ಷದ ನೀನು ನನಗೆ ಒಂದು ಅರ್ಜಿ ಬರೆದೆ. 'ಮಾನ್ಯ ಅಬ್ಬಾ ಅವರ ಸನ್ನಿಧಿಗೆ. ವಿಷಯ: ನರ್ಸಿಂಗ್ ತರಬೇತಿಗಾಗಿ ಮಿರಜಕ್ಕೆ ಹೋಗಲು ಅನುಮತಿ ಕೋರಿ.' ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ನನ್ನ ಪಕ್ಕ ಕೂತು ಕಲಿತ ಅಕ್ಷರ. ಒಂದು ಒತ್ತೂ ತಪ್ಪಿರಲಿಲ್ಲ. ಅದು ನನ್ನನ್ನು ನಗಿಸಲು, ಒಲಿಸಲು ಬರೆದದ್ದೆಂದು ಆಗಲೂ ತಿಳಿದಿತ್ತು. ಆದರೂ ಮಗಳು ಊರು ಬಿಟ್ಟು ಹೋದರೆ ಜನ ಏನೆಂದಾರು ಎಂಬ ಒಂದೇ ಲಗತ್ತನ್ನು ಮನಸ್ಸಿನಲ್ಲಿಟ್ಟುಕೊಂಡು, ಕೆಂಪು ಶಾಯಿ ತೆಗೆದು ಅದರ ಬೆನ್ನ ಮೇಲೆ ಇವೇ ಎರಡು ಮಾತು ಬರೆದೆ. 'ಹೋದ್ರ ಹೋಗು, ತಿರುಗಿ ಈ ಹೊಸ್ತಿಲ ದಾಟಬ್ಯಾಡ' ಎಂದೂ ಹೇಳಿದೆ. ಆ ಕೆಂಪು ಅಕ್ಷರಗಳನ್ನು ಓದಿದವರಿಗೆ ಹೇಗಿರುತ್ತದೆಂದು ಎಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಹೋಟೆಲಿನ ಸೋಫಾದ ಮೇಲೆ ನನಗೆ ತಿಳಿಯಿತು.

ಅಮ್ಮಿಯನ್ನು ಮಣ್ಣು ಮಾಡಿದ ದಿನ ಸಂಜೆ ನೀನು ಬಂದೆ. ಹೊರಗೆ ನಿಂತೆ. ನಾನು ಒಳಗೆ ಮಂಚದ ಮೇಲೆ ಕೂತು ಪರದೆಯ ಸಂದಿನಿಂದ ನಿನ್ನ ಚಪ್ಪಲಿಗಳನ್ನು ನೋಡುತ್ತಿದ್ದೆ. ಹೊಸ್ತಿಲಿಗೆ ಮುಟ್ಟುವಷ್ಟು ಹತ್ತಿರ, ಆದರೆ ಮುಟ್ಟದೆ. ಆದೇಶ ಜಾರಿಯಲ್ಲಿತ್ತು, ನೀನು ಪಾಲಿಸಿದೆ. 'ಒಳಗ ಬಾ' ಎಂಬ ಎರಡು ಪದ ನನ್ನ ಬಾಯಲ್ಲಿತ್ತು. ನಾನು ಕರೆಯದೆಯೇ ನೀನು ಬರಲಿ ಎಂದು ಕಾದೆ. ನಾನು ಕರೆಯಲಿ ಎಂದು ನೀನು ಕಾದಿರಬೇಕು. ಹೆಲೆನ ಸಿಸ್ಟರ್ ಮನೆಯಲ್ಲಿ ನೀರು ಕುಡಿದು ಹೋದೆಯೆಂದು ಮರುದಿನ ಕೇಳಿದೆ. ಅವರು ಇನ್ನೂ ನನ್ನೊಂದಿಗೆ ಸರಿಯಾಗಿ ಮಾತನಾಡುವುದಿಲ್ಲ. ನ್ಯಾಯವೇ.

ಹೋಟೆಲಿನಿಂದ ಹಣ ಬರುವುದಿಲ್ಲ ಎಂಬುದು ಖಚಿತವಾದಂತಾಯಿತು. ಅವರ ಮೇಲೆ ನನಗೆ ದೂರಿಲ್ಲ. ಕೆಲವು ಹಿಂದಿರುಗುವುದಿಲ್ಲ ಎಂದು ಮೊದಲೇ ಬರೆದಿರುತ್ತದೆ, ನಾವು ಓದಿರುವುದಿಲ್ಲ.

ಅಲ್ಲಾಹನು ನಿನ್ನನ್ನು, ನಿನ್ನ ಕೈಯಲ್ಲಿರುವ ರೋಗಿಗಳನ್ನು ಕ್ಷೇಮವಾಗಿಡಲಿ. ಆತೀಫನೂ ತರನ್ನುಮ ಖಾಲಾಳೂ ನಿನಗೆ ಸಲಾಂ ತಿಳಿಸಿದ್ದಾರೆ. ಎಣ್ಣೆ ಮರೆಯಬೇಡ.

ಇಂತು ನಿನ್ನ ಅಬ್ಬಾ,
ಜಹೀರೋದ್ದೀನ
ನಿವೃತ್ತ ಅರ್ಜಿ ಬರಹಗಾರ, ಭಾಲ್ಕಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಸೋಫಾದಿಂದ ಏಳುವಾಗ ನಜಮೋದ್ದೀನ, 'ರೊಕ್ಕ ಹೊಳ್ಳಿ ಬರಂಗಿಲ್ರಿ ಚಾಚಾ. ತಾರೀಖ ಬದಲಿ ಮಾಡ್ಬಹುದು, ಹೆಸರ ಬದಲಿ ಮಾಡ್ಬಹುದು, ಒಂದೇ ಸಲ' ಎಂದ. ಮಾಡಿಸಿದೆ. ರಂಜಾನಿಗೆ ಮುಂಚೆ, ಫೆಬ್ರವರಿ 22 ಮತ್ತು 23, ಅದೇ ಕೋಣೆ. ನಿನ್ನ ಹೆಸರು ಹಾಗೆಯೇ ಇದೆ. ಅಮ್ಮಿಯ ಹೆಸರನ್ನು ನಾನೇ ಹೊಡೆದು ನನ್ನದನ್ನು ಬರೆದೆ. ಅಕ್ಷರ ಕೆಟ್ಟಿತು. 2013ರ ಆದೇಶವು ಅಧಿಕಾರವಿಲ್ಲದವನು ಹೊರಡಿಸಿದ್ದಾದ್ದರಿಂದ ರದ್ದುಪಡಿಸಲಾಗಿದೆ. ಆದರೂ ನೀನು ನನ್ನ ಹೊಸ್ತಿಲು ದಾಟಬೇಕಾಗಿಲ್ಲ, ನಾನೇ ದಾಟಿ ಬರುತ್ತೇನೆ, ಪೇರಲ ತರುತ್ತೇನೆ. ನೀನು ಬಾರದಿದ್ದರೂ ಎರಡೂ ದಿನ ಅಲ್ಲಿಯೇ ಇರುತ್ತೇನೆ. ಬಸ್ಸಿನಲ್ಲಿ ಯಾರಾದರೂ ಎಲ್ಲಿಗಿ ಹೊಂಟೀರಿ ಅಂದರೆ ಹೇಳಬೇಕಾದ್ದನ್ನು ದಿನಾಲು ಬಾಯಿಪಾಠ ಮಾಡುತ್ತಿದ್ದೇನೆ, ಈ ಸಲ ಅಕ್ಷರ ತಪ್ಪಬಾರದು: ಔಲಾದ ಕಡಿ.