ಅರವತ್ತೆರಡಕ್ಕೆ ಕೈ ಬಿಟ್ಟ ಹುಡುಗಿ

ಮನೆಯಿಂದ, ಅಡುಗೆಮನೆಯ ಮೇಜು
ಮಂಗಳವಾರ, ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಹಡಗಿನ ಅಡುಗೆಮನೆಯ ಸೆಕೆಗೆ ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಇಳಿಯಿತೇ? ಮೊಣಕೈ ಸುಟ್ಟುಕೊಂಡದ್ದು ಒಣಗಿತೇ? ನಲವತ್ತು ಜನಕ್ಕೆ ಬಡಿಸಿ, ನೀನು ಮಾತ್ರ ಒಲೆಯ ಪಕ್ಕದಲ್ಲಿ ನಿಂತೇ ಎರಡು ತುತ್ತು ನುಂಗುತ್ತೀಯೆಂದು ನನಗೆ ಗೊತ್ತು. ಕೂತು ಉಣ್ಣು. ನಿನ್ನ ಕ್ಯಾಪ್ಟನ್ ಏನಾದರೂ ಅಂದರೆ ಅಪ್ಪ ಹೇಳಿದ್ದಾನೆ ಅನ್ನು.

ಈಗ ಸುದ್ದಿ. ನಿನ್ನ ಮಗಳಿಗೆ ಸರ್ಟಿಫಿಕೇಟು ಸಿಕ್ಕಿತು! ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರಮ್ಮ ಸಹಿ ಹಾಕಿ, ಮೊಹರು ಒತ್ತಿ, ಕಾಗದವನ್ನು ಅವಳ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ವಿಮಾನ ಹಾರಿಸಲು ದೇಹ ಯೋಗ್ಯವಾಗಿದೆ ಎಂದು ಅದರಲ್ಲಿ ಅಚ್ಚಾಗಿದೆ. ಒಂಬತ್ತನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತ ಬಂದ ನಮ್ಮ ಸಾಸಿವೆಯ ದೇಹ ಯೋಗ್ಯವಾಗಿದೆ! ಎರಡು ಸಲ ಓದಿದೆ, ಮೂರನೆಯ ಸಲ ಜೋರಾಗಿ ಓದಿದೆ. 'ತಾತ, ಇದು ಆಸ್ಪತ್ರೆ' ಎಂದು ಅವಳು ನನ್ನ ಕೋಟು ಎಳೆದಳು. ಮೂವತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿ ಊರಿನ ಜನರನ್ನೆಲ್ಲ ಹತ್ತಿಸಿ ಇಳಿಸಿದವನು ನಾನು, ಹನ್ನೊಂದನೆಯ ಮಹಡಿಗಿಂತ ಮೇಲೆ ಹೋದವನಲ್ಲ. ಮೊಮ್ಮಗಳು ನನ್ನ ಕಸುಬನ್ನೇ ಹಿಡಿದಿದ್ದಾಳೆ, ಹಗ್ಗ ಒಂದಿಲ್ಲ ಅಷ್ಟೆ ಎಂದು ಕೆಳಮನೆಯ ದರ್ಜಿಗೆ ಹೇಳಿದೆ. ಅವನು ನಗಲಿಲ್ಲ. ಅವನಿಗೆ ಹೊಟ್ಟೆಕಿಚ್ಚು. ಅವನ ಮೊಮ್ಮಗ ಇನ್ನೂ ಸೈಕಲ್ಲಿನಿಂದ ಬೀಳುತ್ತಿದ್ದಾನೆ.

ಆದರೆ ಮಗಳೇ, ಆ ಕಾಗದ ಇನ್ನೇನು ಕೈತಪ್ಪಿ ಹೋಗುವುದರಲ್ಲಿತ್ತು, ಅದೂ ನಿನ್ನ ಅಪ್ಪನಿಂದಲೇ. ಬೈಯುವುದಾದರೆ ಪೂರ್ತಿ ಓದಿ ಬೈ. ನೀನು ಹಡಗು ಹತ್ತಿದಾಗಿನಿಂದ ಪ್ರತಿ ವಾರದ ಪತ್ರದ ಕೊನೆಯಲ್ಲಿ ಅವಳ ರಕ್ತದ ಸಕ್ಕರೆಯ ಪಟ್ಟಿ ಕಳಿಸುತ್ತಿದ್ದೆನಲ್ಲ, ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು ಎಂದು. ಮೊದಲ ವರ್ಷ ಒಂದು ಸಲ ಮುನ್ನೂರ ಹತ್ತು ಎಂದು ಬರೆದೆ. ಆಮೇಲೆ ಬಂದ ನಿನ್ನ ಪತ್ರದಲ್ಲಿ ಅರ್ಧ ಅಕ್ಷರಗಳು ನೀರು ಬಿದ್ದು ಅಳಿಸಿಹೋಗಿದ್ದವು. ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂದು ಬರೆದಿದ್ದೆ. ಅವತ್ತಿನಿಂದ ನನ್ನ ಕೈ ಮೆತ್ತಗಾಯಿತು. ಇನ್ನೂರ ತೊಂಬತ್ತು ಬಂದರೆ ನೂರ ತೊಂಬತ್ತು ಎಂದು ಬರೆದೆ. ಐವತ್ತೈದಕ್ಕೆ ಇಳಿದರೆ ಎಪ್ಪತ್ತೈದು. ನಿನ್ನ ಪಟ್ಟಿಗೂ ಮನೆಯ ಪುಸ್ತಕಕ್ಕೂ ತಾಳೆಯಾಗಲಿ ಎಂದು ಪುಸ್ತಕದಲ್ಲೂ ಅದನ್ನೇ ಬರೆದೆ. ಬೆರಳು ಚುಚ್ಚಿ ನೋಡುವುದು, ಅದಕ್ಕೆ ತಕ್ಕ ಔಷಧಿ ಕೊಡುವುದು ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಅದರಲ್ಲಿ ಒಂದು ದಿನವೂ ಮೋಸವಿಲ್ಲ. ಕಾಗದದ ಮೇಲೆ ಮಾತ್ರ ನಿನ್ನ ನಿದ್ದೆಗಾಗಿ ಸ್ವಲ್ಪ ಇಸ್ತ್ರಿ ಮಾಡುತ್ತಿದ್ದೆ.

ಜನವರಿಯ ಕೊನೆಗೆ ಸಾಸಿವೆ ಮೊದಲ ಸಲ ಪರೀಕ್ಷೆಗೆ ಹೋದಳು. ವಿಮಾನದ ಶೆಡ್ಡಿನಲ್ಲಿ ಇಡೀ ದಿನ ಎಂಜಿನ್ ಬಿಚ್ಚಿ ಎಣ್ಣೆ ಒರೆಸುವ ಹುಡುಗಿ ಅವತ್ತು ಉಗುರನ್ನೆಲ್ಲ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಳು. ನಾನು ಹಳೆಯ ಕೋಟು ಹಾಕಿಕೊಂಡೆ. 'ಪರೀಕ್ಷೆ ನನಗಾ ನಿನಗಾ?' ಎಂದು ಕೇಳಿದಳು. ಕಣ್ಣು, ಕಿವಿ, ಎದೆಯ ಬಡಿತ, ಎಲ್ಲದರಲ್ಲೂ ಪಾಸು. ಆಮೇಲೆ ಡಾಕ್ಟರಮ್ಮ ಆರು ತಿಂಗಳ ಸಕ್ಕರೆಯ ದಾಖಲೆ ಕೇಳಿದರು. ಯಂತ್ರವನ್ನು ಕೊಟ್ಟರೆ ಸಾಕಿತ್ತು, ಅದರ ನೆನಪಿನಲ್ಲೇ ಎಲ್ಲ ಇರುತ್ತದಂತೆ. ಇವಳು ಯಂತ್ರದ ಜೊತೆಗೆ ನನ್ನ ಪುಸ್ತಕವನ್ನೂ ಮೇಜಿನ ಮೇಲಿಟ್ಟಳು. 'ನಮ್ಮ ತಾತ ಒಂದು ದಿನಾನೂ ಬಿಡದೆ ಬರ್ದಿದ್ದಾರೆ' ಎಂದಳು. ಆ ಜಂಬ ಕೇಳಬೇಕಿತ್ತು ನೀನು. ನಾನು ಕೋಟಿನ ಗುಂಡಿ ಹಾಕಿ ಬಿಚ್ಚಿ ಮಾಡುತ್ತ ಕೂತೆ.

ಡಾಕ್ಟರಮ್ಮ ಗಿಡ್ಡ ಹೆಂಗಸು, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿರುತ್ತಾರೆ. ಆ ಪೆನ್ನು ತೆಗೆದು ಯಂತ್ರವನ್ನೂ ಪುಸ್ತಕವನ್ನೂ ಸಾಲು ಸಾಲಾಗಿ ಹೋಲಿಸಿ ನೋಡಿದರು. ಮೂವತ್ತೊಂದು ಕಡೆ ಸುತ್ತು ಹಾಕಿದರು. ಕಾಯಿಲೆ ಇದ್ದರೂ ಹಾರಬಹುದಂತೆ, ಅದಕ್ಕೆ ನಿಯಮ ಇದೆಯಂತೆ. 'ಆದ್ರೆ ನಿನ್ನ ದಾಖಲೆನೇ ನಂಬೋಕಾಗದಿದ್ರೆ ನಾನು ಯಾವುದರ ಮೇಲಮ್ಮ ಸಹಿ ಹಾಕ್ಲಿ?' ಎಂದರು. ಸಾಸಿವೆ ನನ್ನ ಕಡೆ ತಿರುಗಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ ಮಗಳೇ, ತಾತನ ಪುಸ್ತಕವನ್ನು ಅವಳು ತೆರೆದು ನೋಡಿದವಳೇ ಅಲ್ಲ. ನಾನು ಎದ್ದು ನಿಂತು, ಬರೆದವನು ನಾನು, ಸುಳ್ಳು ನನ್ನದು, ಹುಡುಗಿಯದಲ್ಲ ಎಂದೆ. ಆಕೆ ನನ್ನ ಕೆಲಸವೇನೆಂದು ಕೇಳಿದರು, ಹೇಳಿದೆ. 'ಲಿಫ್ಟ್ ಹಗ್ಗ ಸವೆದಿದ್ರೆ ಸವೆದಿಲ್ಲ ಅಂತ ಬರೀತಿದ್ರಾ ಅಜ್ಜ?' ಎಂದರು. ಮೂವತ್ತಾರು ವರ್ಷದಲ್ಲಿ ಲಿಫ್ಟಿನ ಪುಸ್ತಕದಲ್ಲಿ ಒಂದು ಸಾಲು ತಪ್ಪು ಬರೆದವನಲ್ಲ ನಾನು. ತಲೆ ತಗ್ಗಿಸಿ ಕೂತೆ. ಅರ್ಜಿ ತಡೆಹಿಡಿದರು. ಇನ್ನು ಆರು ವಾರ ಅವಳೇ ನೋಡಿಕೊಳ್ಳಬೇಕು, ಅವಳೇ ಬರೆಯಬೇಕು, ಮೀಸೆ ಮೇಷ್ಟ್ರು ದಿನವೂ ಸಹಿ ಹಾಕಬೇಕು. ಆಮೇಲೂ ಅನುಮಾನ ಉಳಿದರೆ ಬಾಗಿಲು ಮುಚ್ಚಿತು. ಮೀಸೆ ಮೇಷ್ಟ್ರು ಅಂದರೆ ಅವಳಿಗೆ ಹಾರಲು ಕಲಿಸುವವರು, ಮೀಸೆ ನೋಡಿದರೆ ಎಂಜಿನ್ನಿಗೆ ಸಿಕ್ಕಿಬೀಳುತ್ತದೇನೋ ಎಂದು ಭಯವಾಗುತ್ತದೆ.

ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಹೋಗುತ್ತಿದ್ದಳು. ಮೂರನೆಯ ದಿನ ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, 'ಅಮ್ಮ ಅಳಬಾರದು ಅಂತ ತಾನೇ?' ಎಂದು ಕೇಳಿದಳು. ಹೌದು ಎಂದೆ. 'ನಾನೂ ಅಮ್ಮನ ಹತ್ರ ಚೆನ್ನಾಗಿದೀನಿ ಅಂತಾನೇ ಬರೀತೀನಿ' ಎಂದಳು. ಆಮೇಲೆ ಇಬ್ಬರೂ ಟೀ ಕುಡಿದೆವು. ಈ ಆರು ವಾರ ಪತ್ರದಲ್ಲಿ ಪಟ್ಟಿ ಏಕಿಲ್ಲ ಎಂದು ನೀನು ಎರಡು ಸಲ ಕೇಳಿದೆ, ಪೆನ್ನಿನಲ್ಲಿ ಇಂಕು ಮುಗಿಯಿತು ಎಂದು ಬರೆದು ಜಾರಿಕೊಂಡೆ. ಕಾರಣ ಇದು.

ಈಗ ನಿನ್ನ ಎದೆ ಉಬ್ಬುವ ಮಾತು ಹೇಳುತ್ತೇನೆ. ನಾಲ್ಕನೆಯ ವಾರ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರುತ್ತಿದ್ದಾಳೆ. ಎಂಜಿನ್ ಶುರುಮಾಡುವ ಮುಂಚೆ ಸಕ್ಕರೆ ನೋಡಿದ್ದಾಳೆ, ಸರಿಯಿದೆ. ಗಂಟೆಯಾದ ಮೇಲೆ ಹಾರುತ್ತಲೇ ಇನ್ನೊಮ್ಮೆ ನೋಡಿದ್ದಾಳೆ: ಅರವತ್ತೆರಡು, ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ. ಅವಳಿಗೆ ತಲೆ ಸುತ್ತಿಲ್ಲ, ಕೈ ನಡುಗಿಲ್ಲ, ಆಕಾಶ ಸ್ವಚ್ಛವಾಗಿದೆ, ಇಳಿಯಲು ಹತ್ತೇ ನಿಮಿಷ. ಇನ್ನೊಬ್ಬರಾಗಿದ್ದರೆ, ನಾನಾಗಿದ್ದರೆ ಅಂತಲೇ ಇಟ್ಟುಕೋ, ಸುಮ್ಮನೆ ಇಳಿಸಿಬಿಡುತ್ತಿದ್ದೆ. ಅವಳು ಚುಕ್ಕಾಣಿಯಿಂದ ಎರಡೂ ಕೈ ತೆಗೆದು, 'ಮೇಷ್ಟ್ರೇ, ನೀವು ತಗೊಳ್ಳಿ, ನಾನು ಅರವತ್ತೆರಡರಲ್ಲಿದೀನಿ' ಎಂದಳಂತೆ. ಜೇಬಿನಿಂದ ಗ್ಲೂಕೋಸ್ ಬಿಲ್ಲೆ ತೆಗೆದು ಅಗಿದು, ಹೊತ್ತು ನೋಡಿ ಬರೆದು, ಕಿಟಕಿಯ ಹೊರಗೆ ನೋಡುತ್ತ ಕೂತಳಂತೆ. ಮೇಷ್ಟ್ರು ನನಗೆ ಫೋನ್ ಮಾಡಿ ಇದನ್ನು ಹೇಳುವಾಗ ಎರಡು ಸಲ ಮೂಗು ಸೀಟಿಕೊಂಡದ್ದು ಕೇಳಿಸಿತು. ಮೀಸೆಯ ಮರ್ಯಾದೆಗೆ ಅದನ್ನು ಯಾರಿಗೂ ಹೇಳಬೇಡ.

ನಿನ್ನೆ ಡಾಕ್ಟರಮ್ಮನ ಮುಂದೆ ಹೊಸ ಪುಸ್ತಕ ಇಡುವಾಗ ಅವಳು ಮೊದಲ ಪುಟ ತೆರೆಯಲಿಲ್ಲ. ನೇರವಾಗಿ ಅರವತ್ತೆರಡರ ಪುಟ ತೆರೆದು, 'ಇದನ್ನ ಮೊದ್ಲು ನೋಡಿ' ಎಂದಳು. ನಾನು ಅವಳ ತೋಳು ಜಗ್ಗಿದೆ. ಹಾಳು ಅಂಕಿಯನ್ನು ಯಾರಾದರೂ ಮುಂದೆ ಮಾಡಿ ತೋರಿಸುತ್ತಾರೆಯೇ? ಡಾಕ್ಟರಮ್ಮ ಓದಿದರು, ಯಂತ್ರದಲ್ಲಿ ನೋಡಿದರು, ಅದೇ ದಿನ, ಅದೇ ನಿಮಿಷ. ಉಳಿದ ಪುಟಗಳನ್ನೂ ಬಿಡದೆ ತಾಳೆ ನೋಡಿ, ಕೂದಲಿನಿಂದ ಪೆನ್ನು ತೆಗೆದು, 'ಈ ಕೈಗೆ ವಿಮಾನ ಕೊಡಬಹುದು' ಎಂದು ಸಹಿ ಹಾಕಿದರು. ಷರತ್ತುಗಳು ಇವೆ. ಹಾರುವ ಮುಂಚೆ, ಗಂಟೆಗೊಮ್ಮೆ, ಇಳಿಯುವ ಮುಂಚೆ ನೋಡಲೇಬೇಕು, ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಅವಳಿಗೆ ಅದೇನು ದೊಡ್ಡದು, ಹದಿಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಏಪ್ರಿಲ್ ಆರು, ಭಾನುವಾರ ಬೆಳಿಗ್ಗೆ ಮೊದಲ ಸಲ ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬಳೇ ಹಾರುತ್ತಾಳೆ. ನನ್ನ ಬದುಕಿನಲ್ಲಿ ಇಷ್ಟು ಹೆಮ್ಮೆಪಟ್ಟದ್ದು ಇಲ್ಲ, ನೀನು ಹುಟ್ಟಿದ ದಿನವೂ ಸೇರಿ. ಅವತ್ತು ನೀನು ಬರೀ ಅತ್ತೆ.

ಈ ವರ್ಷದ ನಿಜವಾದ ಅಂಕಿಗಳನ್ನು ಯಂತ್ರದಿಂದ ಇಳಿಸಿ ಅವಳೇ ಬೇರೆ ಹಾಳೆಯಲ್ಲಿ ಬರೆದಿದ್ದಾಳೆ, ಜೊತೆಗೆ ಇಟ್ಟಿದ್ದೇನೆ. ಕೆಲವು ನೋಡಿ ಹೆದರುತ್ತೀಯ. ಹೆದರು, ಆದರೆ ಪ್ರತಿಯೊಂದರ ಮುಂದೆಯೂ ಅವಳು ಏನು ಮಾಡಿದಳು ಎಂದು ಬರೆದಿದೆ, ಅದನ್ನೂ ಓದು. ಹಡಗಿನವರಿಗೆಲ್ಲ ನನ್ನ ನಮಸ್ಕಾರ. ಸಮುದ್ರ ನಿನ್ನನ್ನು ಮೆಲ್ಲಗೆ ಆಡಿಸಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತು ನಿನ್ನ ತಪ್ಪಿತಸ್ಥ,
ಅಪ್ಪ

ವಿ.ಸೂ. ಅಂಚೆಗೆ ಹಾಕಲು ಸಾಸಿವೆ ಬಾಗಿಲಲ್ಲಿ ನಿಂತಿದ್ದಾಳೆ. ಪತ್ರ ಓದಿ, 'ತಾತ, ಇನ್ನೊಂದು ನಂಬರ್ ಬಿಟ್ಟಿದೀಯ. ನೀನು ಬರೀತೀಯೋ, ನಾನು ಬರೀಲೋ?' ಎಂದು ಪೆನ್ನು ವಾಪಸು ಕೊಟ್ಟಳು. ನಿನ್ನೆ ಕಾಯುವ ಕೋಣೆಯಲ್ಲಿ, ಗೋಡೆಗೆ ಹಾಕಿದ್ದ ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ತಮಾಷೆಗೆ ಓದಲು ಹೋದೆ. ಬಲಗಣ್ಣು ಮುಚ್ಚಿದರೆ ಗೋಡೆಯೇ ಕಾಣಲಿಲ್ಲ. ಅವಳು ನೋಡಿಬಿಟ್ಟಳು. ಇವತ್ತು ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಎಡಗಣ್ಣು ಹೋದದ್ದು ಹೋಯಿತಂತೆ. ಬಲಗಣ್ಣಿನ ಒಳಗಿನ ಒತ್ತಡ ಇಪ್ಪತ್ತರ ಒಳಗೆ ಇರಬೇಕಿತ್ತು, ಇರುವುದು ನಲವತ್ತೊಂದು. ಅದನ್ನಾದರೂ ಉಳಿಸಲು ಹದಿನೆಂಟನೆಯ ತಾರೀಖು ಆಪರೇಷನ್. ಮಂಜು ಕವಿಯುತ್ತಿದೆ ಎಂದು ವರ್ಷದಿಂದ ಗೊತ್ತಿತ್ತು, ನಿನಗೆ ಬರೆಯಲಿಲ್ಲ. ನಲವತ್ತೊಂದು ಮಗಳೇ, ತಿದ್ದಿಲ್ಲ. ಏಪ್ರಿಲ್ ಆರಕ್ಕೆ ಹೇಗಾದರೂ ರಜೆ ಕೇಳಿಕೊಂಡು ಬಾ. ಅವಳು ಮೇಲೆ ಹೋದಾಗ, ಅಪ್ಪಾ ಅಗೋ ಅಲ್ಲಿದ್ದಾಳೆ ಎಂದು ಹೇಳಲು ನನ್ನ ಪಕ್ಕದಲ್ಲಿ ಒಬ್ಬರು ಬೇಕು.