ಉಪ್ಪು ಅದರಲ್ಲೇ ಇದೆ

ಭಾನುವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದಿನ ಲಿಫ್ಟಮ್ಮನಿಗೆ,

ನಿನ್ನ ಅತ್ತೆಯ ಪ್ರೀತಿ. ಫೋನು ಇರುವಾಗ ಈ ಮುದುಕಿ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ. ಫೋನಿನಲ್ಲಿ ಹೇಳಹೋದರೆ ನನಗೆ ಅಳು ಬರುತ್ತದೆ, ನಿನಗೆ ನಗು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹೊಸ ಲಿಫ್ಟುಗಳ ರಿಪೇರಿ ಕಲಿಯಲು ಹೋದವಳು ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ತರಬೇತಿ ಮುಗಿಸಿ ಬರುವಾಗ ಕಡ್ಡಿಯಾಗಿ ಬಂದರೆ ಮನೆಯೊಳಗೆ ಸೇರಿಸುವುದಿಲ್ಲ, ನೆನಪಿರಲಿ.

ನೀನು ತುಂಬಿಸಿಟ್ಟು ಹೋದ ಕಪಾಟು ಅರ್ಧ ಖಾಲಿಯಾಗಿದೆ. ನಿನ್ನ ಗಂಡ ಬಸ್ಸನ್ನು ಡಿಪೋಗೆ ಬಿಟ್ಟು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಊಟ ಮೇಜಿನ ಮೇಲಿರುತ್ತದೆ. ಡಬ್ಬಿಯ ಟೊಮೆಟೊ ಬಾಣಲೆಗೆ ಸುರಿ, ಡಬ್ಬಿಯ ಬೆಂದ ಕಾಳು ಸುರಿ, ಫ್ರೀಜರಿನ ಬಟಾಣಿ ಒಂದು ಹಿಡಿ, ಮೇಲೆ ಪೊಟ್ಟಣದ ಸೂಪಿನ ಪುಡಿ, ಆಮೇಲೆ ಬೇಯಿಸಿದ ಪಾಸ್ತಾ ಹಾಕಿ ಕಲಸು. ಇಷ್ಟೇ. ನಿನ್ನ ಪುಟ್ಟಿ ತಟ್ಟೆ ನೆಕ್ಕಿ ಅಜ್ಜಿ ಇನ್ನೊಂಚೂರು ಅನ್ನುತ್ತಾಳೆ. ಲೇಬಲ್ ಸೊಟ್ಟಗೆ ಅಂಟಿದ ಡಬ್ಬಿಗಳನ್ನು ಅಂಗಡಿಯವನ ಹತ್ತಿರ ಅಗ್ಗಕ್ಕೆ ಕೀಳುವುದನ್ನೂ ನಿನ್ನಿಂದ ಕಲಿತುಕೊಂಡಿದ್ದೇನೆ. ನನ್ನನ್ನು ಕಂಡರೆ ಅವನು ಒಳಗೆ ಹೋಗಿಬಿಡುತ್ತಾನೆ.

ಮೊನ್ನೆ ಶುಕ್ರವಾರ ನಿನ್ನ ನಾದಿನಿ ಬಂದಿದ್ದಳು. ನನ್ನ ಮಗಳ ಬುದ್ಧಿ ನಿನಗೆ ಗೊತ್ತಲ್ಲ, ಚಪ್ಪಲಿ ಬಿಡುವ ಮೊದಲೇ ಕಪಾಟಿನ ಬಾಗಿಲು ತೆಗೆಯುತ್ತಾಳೆ. ತೆಗೆದವಳು ಹಾಗೇ ನಿಂತುಬಿಟ್ಟಳು. ಇದೇನಮ್ಮಾ, ಇದು ಅಡುಗೆಮನೆನೋ ಗೋಡೌನೋ ಅಂದಳು. ನಾನು ಹಲ್ಲುಕಿರಿದು ತಟ್ಟೆ ಹಾಕಿದೆ. ಊಟಕ್ಕೆ ಕೂತ ಮೇಲೂ ಅವಳು ಬಿಡಲಿಲ್ಲ. ಆಸ್ಪತ್ರೆ ಕ್ಯಾಂಟೀನಲ್ಲಿ ವಾರ್ಡುಗಟ್ಲೆ ಜನಕ್ಕೆ ಅಡುಗೆ ಮಾಡಿ ಹಾಕಿದ ಅಮ್ಮನ ಕೈಗೆ ಡಬ್ಬಿ ಕೊಟ್ಟಿದಾಳಲ್ಲಣ್ಣ ನಿನ್ನ ಹೆಂಡ್ತಿ, ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ, ಅಮ್ಮ ಒಳಗೊಳಗೇ ಕೊರಗ್ತಿದಾಳೆ, ಅತ್ತಿಗೆ ಬರ್ಲಿ, ಮುಖಕ್ಕೆ ಹೊಡೆದ ಹಾಗೆ ಕೇಳ್ತೀನಿ ಅಂದಳು. ನಿನ್ನ ಗಂಡ, ಪಾಪದ ಪ್ರಾಣಿ, ತಲೆ ತಗ್ಗಿಸಿ ಪಾಸ್ತಾ ಕೆದಕುತ್ತ ಕೂತಿದ್ದ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು, ನಿನ್ನ ಹೆಸರು ಕೆಡುತ್ತಿತ್ತು. ಬಾಯಿ ಬಿಟ್ಟರೆ ಇವರಿಬ್ಬರೂ ಸೇರಿ ನನ್ನನ್ನು ಒಲೆಯಿಂದ ಎಬ್ಬಿಸಿ ಟೀವಿಯ ಮುಂದೆ ಕೂರಿಸುವುದು ಖಂಡಿತ. ಒಲೆಯ ಮುಂದೆ ನಿಲ್ಲದಿದ್ದರೆ ನಾನು ಇನ್ಯಾರು ಹೇಳು?

ಆಗ ನನಗೆ ಆ ದಿನದ ಸೂಪು ಕಣ್ಣಮುಂದೆ ಬಂತು. ಚಳಿಗಾಲದ ಜ್ವರ ಬಿಟ್ಟು ನಾನು ಎದ್ದು ಓಡಾಡುತ್ತಿದ್ದೆ. ಜ್ವರ ಹೋಗುವಾಗ ನನ್ನ ಮೂಗನ್ನೂ ನಾಲಗೆಯನ್ನೂ ಕಟ್ಟಿಕೊಂಡು ಹೋಗಿತ್ತು, ಯಾರಿಗೂ ಹೇಳಿರಲಿಲ್ಲ. ಸೂಪಿನ ಮೊದಲ ಚಮಚಕ್ಕೇ ನಿನ್ನ ಗಂಡ ಥೂ ಎಂದು ಉಗಿದ. ನೀನು ಮಾತ್ರ ನನ್ನ ಮುಖವನ್ನೇ ನೋಡಿದೆ. ಅಯ್ಯೋ, ನೀವು ಹಾಕಿದ್ದು ಗೊತ್ತಿಲ್ದೆ ನಾನೂ ಉಪ್ಪು ಹಾಕ್ಬಿಟ್ಟೆ ಅಂದೆ. ಅವತ್ತು ನೀನು ಅಡುಗೆಮನೆಗೆ ಕಾಲೇ ಇಟ್ಟಿರಲಿಲ್ಲ, ಕಳ್ಳಿ! ಮಾರನೆಯ ದಿನವೇ ನೀನು ಚೀಲ ತುಂಬ ಡಬ್ಬಿ, ಪೊಟ್ಟಣ ಹೊತ್ತು ತಂದೆ. ನನಗೆ ತರಕಾರಿ ಹೆಚ್ಚೋಕೆ ಬೇಜಾರು ಅತ್ತೆ, ಇದಕ್ಕೆ ನೀವು ಏನೂ ಹಾಕೋದು ಬೇಡ, ಉಪ್ಪು ಅದರಲ್ಲೇ ಇದೆ ಅಂದೆ. ಆ ವಾರವೇ ಒಲೆಯ ಪಕ್ಕ ಗ್ಯಾಸ್ ಸೋರಿದರೆ ಕಿರುಚುವ ಪೆಟ್ಟಿಗೆ ಕೂರಿಸಿ, ಕಂಪನಿಯವರು ಪುಕ್ಕಟೆ ಕೊಟ್ಟರು ಅಂದೆ. ಲಿಫ್ಟಿನ ಕಂಪನಿಯವರು ಗ್ಯಾಸಿನ ಪೆಟ್ಟಿಗೆ ಯಾಕೆ ಕೊಡುತ್ತಾರೆ ಎಂದು ನಾನೂ ಕೇಳಲಿಲ್ಲ.

ಮೇಜಿನ ಮೇಲೆ ಚಮಚ ಇಟ್ಟು ಹೇಳಿಯೇಬಿಟ್ಟೆ. ನನಗೆ ರುಚಿ ಗೊತ್ತಾಗಲ್ಲ, ವಾಸನೆ ಗೊತ್ತಾಗಲ್ಲ, ಈ ಮನೆಯಲ್ಲಿ ನಾನಿನ್ನೂ ಅಡುಗೆ ಮಾಡ್ತಿದೀನಿ ಅಂದರೆ ಅದು ಅವಳ ಡಬ್ಬಿಗಳಿಂದ, ಅವಳನ್ನು ಯಾರಾದರೂ ಒಂದು ಮಾತು ಅಂದರೆ ನಾನು ಸುಮ್ನಿರಲ್ಲ ಅಂದೆ. ಮಗಳು ಬಿಳಿಚಿಕೊಂಡಳು. ಹಾಗಾದ್ರೆ ಇನ್ಮೇಲೆ ನೀನು ಒಲೆ ಹತ್ರ ಹೋಗೋದೇ ಬೇಡಮ್ಮ ಅಂದಳು. ನಾನು ಹೆದರಿದ್ದು ಅದಕ್ಕೇ ತಾನೆ? ಆದರೆ ನಿನ್ನ ಗಂಡ ಎದ್ದು ಹೋಗಿ ಆ ಪೆಟ್ಟಿಗೆಯ ಮುಂದೆ ನಿಂತ. ಅವಳು ಎಲ್ಲಾ ನೋಡ್ಕೊಂಡಿದಾಳೆ ಕಣೆ, ಅಮ್ಮ ಅಡುಗೆ ಮಾಡ್ಲಿ ಬಿಡು ಅಂದ. ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದದ್ದು ನಿನ್ನ ಪುಣ್ಯ. ಮಗಳು ಮೂಗು ಒರೆಸಿಕೊಂಡು ಇನ್ನೊಂದು ಸಲ ಬಡಿಸಿಕೊಂಡು ತಿಂದಳು. ಹೋಗುವಾಗ ಪುಡಿಯ ಪೊಟ್ಟಣ ಯಾವುದು ಎಂದು ಮೆಲ್ಲಗೆ ಕೇಳಿದಳು. ನೀನು ಬಂದ ಮೇಲೆ ಅವಳಾಗೇ ಮಾತಾಡುತ್ತಾಳಂತೆ, ಸತಾಯಿಸಬೇಡ.

ಮಗಳೇ, ನೀನು ಸೋಮಾರಿ ಅನ್ನಿಸಿಕೊಂಡು ನನ್ನನ್ನು ಅಡುಗೆಯವಳಾಗಿಯೇ ಉಳಿಸಿದೆ. ನಾನು ಹೆತ್ತ ಮಕ್ಕಳಿಗೂ ಹೊಳೆಯದ್ದು ನಿನಗೆ ಹೊಳೆಯಿತು, ಹೊಳೆದರೂ ಒಂದು ದಿನ ಎತ್ತಿ ಆಡಲಿಲ್ಲ. ನಿನ್ನ ಋಣ ನನ್ನ ಮೇಲೆ ಬಹಳ ಇದೆ. ಬೇಗ ಬಾ, ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

ಇಂತಿ,
ಡಬ್ಬಿ ಬಿಚ್ಚುವುದರಲ್ಲಿ ಪಳಗಿದ
ನಿನ್ನ ಅತ್ತೆ

ತಾ.ಕ.: ಕಾಗದ ಮಡಚಿಟ್ಟು ಸೂಪು ಕುಡಿಯಲು ಕೂತಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಹಳದಿ ಪೊಟ್ಟಣದ್ದು ಇನ್ನು ತರಬೇಡ. ನಂಬಿಕೆ ಬಾರದೆ ಮತ್ತೆ ಮತ್ತೆ ಚಪ್ಪರಿಸಿ ನೋಡಿದೆ. ಇನ್ನೂ ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ಅದರಲ್ಲಿ ಉಪ್ಪು ಜಾಸ್ತಿ ಕಣೇ.