ಬಂಡೆಯ ಆಚೆ ಮಗ್ಗುಲು

ದೊಡ್ಡಬಳ್ಳಾಪುರ
ಅಮಾವಾಸ್ಯೆಯ ಸಂಜೆ, ೧೯೯೩

ಅಕ್ಕಾ,

ಇವತ್ತು ಮಗ್ಗಕ್ಕೆ ರಜೆ. ಬದುಕಿದ್ದಷ್ಟೂ ದಿನ ನೀನು ನೂಲಿನ ಕಂಡಿಕೆ ಸುತ್ತುತ್ತಾ ಕಿಟಕಿಯಿಂದ ನೋಡುತ್ತಿದ್ದೆಯಲ್ಲ, ಆ ಬೆಟ್ಟಕ್ಕೆ ಒಬ್ಬನೇ ಹೋಗಿಬಂದೆ. ಬಸ್ಸು ಬುಡದಲ್ಲೇ ಇಳಿಸುತ್ತದೆ. ಅಲ್ಲಿಂದ ತುದಿಯವರೆಗೂ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ. ಅದು ತಾತನ ಕಾಲದಿಂದಲೂ ಇದೆಯಂತೆ. ನಮ್ಮ ಕಿಟಕಿಗೆ ಕಾಣುತ್ತಿದ್ದದ್ದು ಕಡಿದಾದ ಬಂಡೆಯ ಮಗ್ಗುಲು ಮಾತ್ರ. ನನಗೆ ಬೆವರೂ ಬರಲಿಲ್ಲ.

ಮುಂದೆ ಒಬ್ಬ ಮುದುಕಿ ಎಲೆಅಡಿಕೆ ಜಗಿಯುತ್ತಾ ಕೋಲೂರಿಕೊಂಡು ಹತ್ತುತ್ತಿದ್ದಳು. ನಿನ್ನ ಹಾಗೆಯೇ ಒಂದು ಕಾಲು ಎಳೆಯುತ್ತಿದ್ದಳು.

"ಈ ಕಾಲಲ್ಲಿ ಹತ್ತಕ್ಕಾಗುತ್ತಾ ಅಜ್ಜೀ?" ಎಂದೆ.

"ಯಾಕಪ್ಪಾ ಹಿಂಗೆ ಕೂಗ್ತೀಯ? ಹೋಗಿರೋದು ನನ್ ಕಾಲು, ಕಿವಿಯಲ್ಲ!"

ಮಗ್ಗದ ಸದ್ದಿನಲ್ಲಿ ಬೆಳೆದ ಗಂಟಲು, ಏನು ಮಾಡಲಿ? ನೀನು ಮಾತ್ರ ಆ ಸದ್ದಿನಲ್ಲೂ ಕೂಗಿದವಳಲ್ಲ. ಬೆಟ್ಟದ ಕಡೆಗೆ ಕತ್ತು ತಿರುಗಿಸಿ, ಹೋಗೋಣವಾ ಎಂದು ಹುಬ್ಬೇರಿಸಿ ಕೇಳುತ್ತಿದ್ದೆ. ನಾನೂ ಮಗ್ಗದ ಮುಂದಿನಿಂದಲೇ, ಆಮೇಲೆ ಎಂದು ಕೈ ಆಡಿಸುತ್ತಿದ್ದೆ.

ತುದಿಯಲ್ಲಿ ಕೂತರೆ ಕೆರೆ, ರೈಲು ದಾರಿ, ನಮ್ಮ ಬೀದಿಯ ಹೆಂಚುಗಳು ಎಲ್ಲ ಕಾಣುತ್ತವೆ. ನಿನ್ನ ಕಿಟಕಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಇಳಿಯುವಾಗ ಅಜ್ಜಿ ಹೇಳಿದಳು, "ಮುಂದಿನ ಅಮಾಸೆಗೆ ಮನೆಯವ್ರನ್ನೂ ಕರ್ಕೊಂಡ್ ಬಾರಪ್ಪಾ. ಬಲು ಸಲೀಸು."

ಅಲ್ಲಿ ಯಾವ ಸದ್ದೂ ಇರಲಿಲ್ಲ. ಆದರೂ ಆಮೇಲೆ ಎಂದು ಕೈ ಆಡಿಸಿದೆ.

ನಿನ್ನ ತಮ್ಮ,
ಚೌಡೇಶ